ಪುಟ್ಟ ಮಕ್ಕಳ ಜೊತೆ ಅಂಡಮಾನ್: ದ್ವೀಪದಿಂದ ದ್ವೀಪಕ್ಕೆ ಹೋಗುವ ಪ್ಲ್ಯಾನ್ ಹೀಗೆ ಮಾಡಿ

"ಮಗೂಗೆ ಎರಡೂವರೆ ವರ್ಷ, ಅಂಡಮಾನ್‌ಗೆ ಕರ್ಕೊಂಡು ಹೋಗಬಹುದಾ?" ಶಾಲೆಗೆ ರಜೆ ಹತ್ತಿರ ಬರುತ್ತಿದ್ದ ಹಾಗೆ ಈ ಪ್ರಶ್ನೆ ಶುರುವಾಗುತ್ತದೆ. ಅದರ ಬೆನ್ನಿಗೇ ಇನ್ನೆರಡು ಬರುತ್ತವೆ: "ಎಷ್ಟು ದ್ವೀಪ ನೋಡಬಹುದು?", "ದೋಣಿಯಲ್ಲಿ ವಾಂತಿ ಮಾಡಿಕೊಂಡರೆ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದುಬಿಡುತ್ತಿದ್ದೇನೆ.

ಖಂಡಿತ ಕರೆದುಕೊಂಡು ಹೋಗಬಹುದು. ಆದರೆ ಟ್ರಾವೆಲ್ ಏಜೆಂಟರು ಕೊಡುವ "ಐದು ರಾತ್ರಿ, ಆರು ದ್ವೀಪ" ಪ್ಯಾಕೇಜು ಮಕ್ಕಳಿಗಲ್ಲ. ಅದು ಮದುವೆಯಾಗಿ ಹದಿನೈದು ದಿನ ಆದವರಿಗೆ. ಮಕ್ಕಳಿದ್ದಾಗ ದ್ವೀಪ ಎಷ್ಟು ಅಂತ ಎಣಿಸಬೇಡಿ, ದೋಣಿ ಹತ್ತುವುದು ಎಷ್ಟು ಸಲ ಅಂತ ಎಣಿಸಿ. ನಾನು ಇಲ್ಲಿ ಹೇಳುವುದೆಲ್ಲ ಒಂದರಿಂದ ಎಂಟು ವರ್ಷದ ಮಕ್ಕಳಿರುವ ಮನೆಗಳಿಗೆ.

ಶುರು ಮಾಡುವ ಮೊದಲು ಹೆಸರುಗಳ ಗೊಂದಲ ಮುಗಿಸೋಣ. 2018ರ ಡಿಸೆಂಬರ್‌ನಲ್ಲಿ ಮೂರು ದ್ವೀಪಗಳ ಹೆಸರು ಬದಲಾಯಿತು. ಹ್ಯಾವ್ಲಾಕ್ ಈಗ ಸ್ವರಾಜ್ ದ್ವೀಪ. ನೀಲ್ ಈಗ ಶಹೀದ್ ದ್ವೀಪ. ರಾಸ್ ಐಲ್ಯಾಂಡ್ ಈಗ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ. 2024ರಲ್ಲಿ ಪೋರ್ಟ್ ಬ್ಲೇರ್ ಕೂಡ ಶ್ರೀ ವಿಜಯಪುರಂ ಆಯಿತು. ಟಿಕೆಟಿನಲ್ಲಿ ಒಂದು ಹೆಸರು, ಹೋಟೆಲಿನವರ ಬಾಯಲ್ಲಿ ಇನ್ನೊಂದು ಹೆಸರು ಬಂದರೆ ಗಾಬರಿ ಬೇಡ, ಎರಡೂ ಒಂದೇ ಜಾಗ. ನಾನು ಇಲ್ಲಿ ಹಳೆಯ ಹೆಸರನ್ನೇ ಬಳಸುತ್ತೇನೆ. ಆಟೋದವರೂ ಅದನ್ನೇ ಹೇಳುತ್ತಾರೆ.

1. ಮೊದಲು ತಿಂಗಳು ಗಟ್ಟಿ ಮಾಡಿ

ಹೆಚ್ಚಿನವರು ಮೊದಲು ರಜೆ ನೋಡುತ್ತಾರೆ, ಆಮೇಲೆ ಸಮುದ್ರ ನೋಡುತ್ತಾರೆ. ಇಲ್ಲಿ ಅದು ಉಲ್ಟಾ ಆಗಬೇಕು.

ಅಂಡಮಾನಿಗೆ ಎರಡು ಮಳೆಗಾಲ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು. ಅದು ಕೇರಳಕ್ಕೆ ಬರುವ ಮೊದಲೇ ಅಂಡಮಾನಿಗೆ ಬಂದಿರುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರು. ಬಂಗಾಳಕೊಲ್ಲಿಯಲ್ಲಿ ಚಂಡಮಾರುತ ಏಳುವ ಕಾಲವೂ ಅದೇ. ಅಂದರೆ ದಸರಾ ರಜೆ ಅಂಡಮಾನಿಗೆ ಅಷ್ಟು ಒಳ್ಳೆಯದಲ್ಲ. ಬೇಸಿಗೆ ರಜೆಯಲ್ಲೂ ಏಪ್ರಿಲ್ ಪರವಾಗಿಲ್ಲ, ಸೆಕೆ ತಡೆದುಕೊಳ್ಳಬೇಕು ಅಷ್ಟೇ. ಮೇ ಮಧ್ಯದ ನಂತರ ಹೋಗಬೇಡಿ.

ಡಿಸೆಂಬರ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಒಳ್ಳೆಯ ಕಾಲ. ಅದರಲ್ಲೂ ಫೆಬ್ರವರಿ, ಮಾರ್ಚ್‌ನಲ್ಲಿ ಸಮುದ್ರ ಶಾಂತವಾಗಿರುತ್ತದೆ. ಕ್ರಿಸ್‌ಮಸ್, ಹೊಸ ವರ್ಷದ ವಾರದಲ್ಲಿ ಜನವೂ ಜಾಸ್ತಿ, ದುಡ್ಡೂ ಜಾಸ್ತಿ. ನಿಮ್ಮ ಮಗು ಇನ್ನೂ ಎಲ್‌ಕೆಜಿ, ಯುಕೆಜಿಯಲ್ಲಿದ್ದರೆ ನನ್ನ ಮಾತು ಕೇಳಿ: ಫೆಬ್ರವರಿಯಲ್ಲಿ ಒಂದು ವಾರ ಶಾಲೆ ತಪ್ಪಿಸಿ. ಒಂದನೇ ಕ್ಲಾಸಿಗೆ ಹೋದ ಮೇಲೆ ಈ ಸ್ವಾತಂತ್ರ್ಯ ಸಿಗುವುದಿಲ್ಲ.

2. ಎಷ್ಟು ಸಲ ದೋಣಿ ಹತ್ತಬೇಕು ಅಂತ ಲೆಕ್ಕ ಹಾಕಿ

ಕಾಗದದ ಮೇಲೆ ಪೋರ್ಟ್ ಬ್ಲೇರ್‌ನಿಂದ ಹ್ಯಾವ್ಲಾಕ್‌ಗೆ ಒಂದೂವರೆ, ಎರಡು ಗಂಟೆ. ಹ್ಯಾವ್ಲಾಕ್‌ನಿಂದ ನೀಲ್‌ಗೆ ಒಂದು ಗಂಟೆ. "ಅಷ್ಟೇನಾ" ಅನ್ನಿಸುತ್ತದೆ. ಆದರೆ ಆ ದಿನ ನಿಜಕ್ಕೂ ಹೇಗೆ ನಡೆಯುತ್ತದೆ ನೋಡಿ.

ಬೆಳಗ್ಗೆ ಮಗುವನ್ನು ಎಬ್ಬಿಸಿ, ತಿನ್ನಿಸಿ, ರೂಮು ಖಾಲಿ ಮಾಡಬೇಕು. ದೋಣಿ ಹೊರಡುವ ಒಂದು ಗಂಟೆ ಮುಂಚೆ ಜೆಟ್ಟಿಯಲ್ಲಿರಬೇಕು. ಜೆಟ್ಟಿ ಅಂದರೆ ದೋಣಿ ಬಂದು ನಿಲ್ಲುವ ಕಟ್ಟೆ. ಅಲ್ಲಿ ಬ್ಯಾಗು ಸ್ಕ್ಯಾನಿಗೆ ಸಾಲು, ಗುರುತಿನ ಚೀಟಿ ತೋರಿಸಲು ಸಾಲು, ದೋಣಿ ಹತ್ತಲು ಸಾಲು. ಇಳಿದ ಮೇಲೆ ಲಗೇಜು ಕೈಗೆ ಬರುವವರೆಗೆ ಬಿಸಿಲಲ್ಲಿ ನಿಲ್ಲಬೇಕು. ಆಮೇಲೆ ಆಟೋ, ಹೋಟೆಲು, "ಸರ್, ರೂಮ್ ಇನ್ನೂ ರೆಡಿ ಆಗಿಲ್ಲ". ಒಂದು ಗಂಟೆಯ ದೋಣಿಗೆ ಅರ್ಧ ದಿನ ಹೋಯಿತು. ಮಗುವಿನ ಮಧ್ಯಾಹ್ನದ ನಿದ್ದೆಯೂ ಹೋಯಿತು. ಸಂಜೆ ಏನಾಗುತ್ತದೆ ಅಂತ ಹೆತ್ತವರಿಗೆ ಹೇಳಬೇಕಾಗಿಲ್ಲ, ಅಲ್ವಾ?

ಆದ್ದರಿಂದ ಹೀಗೆ ಮಾಡಿ. ದೊಡ್ಡ ದೋಣಿ ಪ್ರಯಾಣ ಮೂರೇ ಮೂರು: ಪೋರ್ಟ್ ಬ್ಲೇರ್‌ನಿಂದ ಹ್ಯಾವ್ಲಾಕ್, ಅಲ್ಲಿಂದ ನೀಲ್, ನೀಲ್‌ನಿಂದ ವಾಪಸ್. ಎಂಟು ರಾತ್ರಿ ಇದ್ದರೆ ಹಂಚಿಕೆ ಹೀಗಿರಲಿ:

ಮೊದಲ ಎರಡು ರಾತ್ರಿ ಪೋರ್ಟ್ ಬ್ಲೇರ್.
ನಂತರ ಮೂರು ರಾತ್ರಿ ಹ್ಯಾವ್ಲಾಕ್.
ನಂತರ ಎರಡು ರಾತ್ರಿ ನೀಲ್.
ಕೊನೆಯ ಒಂದು ರಾತ್ರಿ ಮತ್ತೆ ಪೋರ್ಟ್ ಬ್ಲೇರ್.

ಆರೇ ರಾತ್ರಿ ಇದ್ದರೆ ನೀಲ್ ಕೈಬಿಡಿ. ಸುಮ್ನೆ ಹ್ಯಾವ್ಲಾಕ್ ಒಂದರಲ್ಲೇ ನಾಲ್ಕು ರಾತ್ರಿ ಕಳೆಯಿರಿ. ಇಷ್ಟು ದೂರ ಬಂದು ಒಂದು ದ್ವೀಪ ಬಿಡುವುದಾ ಅಂತ ಸಂಕಟವಾಗುತ್ತದೆ, ಗೊತ್ತು. ಆದರೆ ಮೂರು ವರ್ಷದ ಮಗುವಿಗೆ ಹ್ಯಾವ್ಲಾಕ್ ಮರಳಿಗೂ ನೀಲ್ ಮರಳಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಕೆಟ್ಟು, ಸೌಟು ಇದ್ದರೆ ಸಾಕು.

ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿ ಇರಲೇಬೇಕು. ಗಾಳಿ ಜೋರಾದರೆ ದೋಣಿ ನಿಲ್ಲಿಸುತ್ತಾರೆ, ಯಾರನ್ನು ಕೇಳಿಯೂ ಪ್ರಯೋಜನ ಇಲ್ಲ. ಬೆಳಗ್ಗೆ ನೀಲ್‌ನಿಂದ ಬಂದು ಮಧ್ಯಾಹ್ನದ ವಿಮಾನ ಹಿಡಿಯುತ್ತೇವೆ ಅನ್ನುವುದು ಜೂಜು.

3. ಮಲ್ಪೆಯಲ್ಲಿ ಒಂದು ರಿಹರ್ಸಲ್ ಮಾಡಿ

ಇದನ್ನು ಯಾರೂ ಹೇಳುವುದಿಲ್ಲ. ನಿಮ್ಮ ಮಗುವಿಗೆ ಸಮುದ್ರದ ಅಲೆ ಆಗಿಬರುತ್ತದೋ ಇಲ್ಲವೋ ಅಂತ ತಿಳಿಯಲು ಅಂಡಮಾನಿಗೇ ಹೋಗಬೇಕಾಗಿಲ್ಲ. ಉಡುಪಿ ಹತ್ತಿರ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿ ಹೋಗುತ್ತದೆ. ಹೆಚ್ಚೆಂದರೆ ಅರ್ಧ ಗಂಟೆ. ಮಳೆಗಾಲದಲ್ಲಿ ದೋಣಿ ಬಂದ್, ಹಾಗಾಗಿ ಹಿಂಗಾರು ಮುಗಿದ ಮೇಲೆ ಒಂದು ವಾರಾಂತ್ಯ ಹೋಗಿ ಬನ್ನಿ.

ಅಲ್ಲಿ ಮೂರು ವಿಷಯ ಗಮನಿಸಿ. ಮಗು ಲೈಫ್ ಜಾಕೆಟ್ ಹಾಕಿಸಿಕೊಳ್ಳುತ್ತದಾ, ಅಥವಾ ಕಿತ್ತು ಬಿಸಾಕುತ್ತದಾ? ಮುಖ ಬಿಳಿಚಿಕೊಂಡು ಸುಮ್ಮನಾಗುತ್ತದಾ? ಬರಿಗಾಲು ಮರಳಿಗೆ ತಾಗಿದರೆ ಅಳುತ್ತದಾ? ಮೂರನೆಯದು ತಮಾಷೆ ಅನ್ನಿಸಬಹುದು. ಆದರೆ ಮರಳು ತಾಗಿದರೆ ಕಾಲೆತ್ತಿಕೊಂಡು ಅಳುವ ಮಕ್ಕಳು ನಿಜಕ್ಕೂ ಇದ್ದಾರೆ. ಅಂಥ ಮಗುವನ್ನು ಎತ್ತಿಕೊಂಡು ಎಂಟು ದಿನ ಕಳೆಯುವುದು ಕಷ್ಟ. ಮೊದಲೇ ಗೊತ್ತಾದರೆ ಮನೆ ಹತ್ತಿರದ ಪಾರ್ಕಿನ ಮರಳಲ್ಲಿ ಅಭ್ಯಾಸ ಮಾಡಿಸಬಹುದು.

4. ಟಿಕೆಟ್: ವಿಮಾನ, ದೋಣಿ, ರೂಮು, ಇದೇ ಕ್ರಮದಲ್ಲಿ

ಬೆಂಗಳೂರಿನಿಂದ ನೇರ ವಿಮಾನಕ್ಕೆ ಸುಮಾರು ಮೂರು ಗಂಟೆ. ಚೆನ್ನೈ, ಕೋಲ್ಕತ್ತಾ ಸುತ್ತಿಕೊಂಡು ಹೋದರೆ ಸ್ವಲ್ಪ ದುಡ್ಡು ಉಳಿಯಬಹುದು, ತಾಳ್ಮೆ ಉಳಿಯುವುದಿಲ್ಲ. ನೇರ ವಿಮಾನವನ್ನೇ ಹಿಡಿಯಿರಿ. ಚೆನ್ನೈನಿಂದ ಹಡಗೂ ಇದೆ, ಆದರೆ ಎರಡೂವರೆ ಮೂರು ದಿನ ಹಿಡಿಯುತ್ತದೆ. ಮಕ್ಕಳಿದ್ದರೆ ಅದರ ಯೋಚನೆಯೇ ಬೇಡ. ಎರಡು ವರ್ಷದೊಳಗಿನ ಮಗುವಿಗೆ ವಿಮಾನದಲ್ಲಿ ಪ್ರತ್ಯೇಕ ಸೀಟು ಇಲ್ಲ, ನಿಮ್ಮ ತೊಡೆಯೇ ಸೀಟು. ಆದರೆ ಜನನ ಪ್ರಮಾಣಪತ್ರ ಕೈಯಲ್ಲಿರಬೇಕು.

ವಿಮಾನ ಆದ ಮೇಲೆ ದೋಣಿ. ಇದರಲ್ಲಿ ಎರಡು ಬಗೆ.

ಸರ್ಕಾರಿ ಫೆರ್ರಿ ಅಗ್ಗ. ನಿಧಾನ. ಹೊರಗಿನ ಡೆಕ್ಕಿನಲ್ಲಿ, ಅಂದರೆ ದೋಣಿಯ ತೆರೆದ ಅಟ್ಟದಲ್ಲಿ, ಗಾಳಿಗೆ ನಿಲ್ಲಬಹುದು. ವಾಂತಿ ಬರುವ ಮಕ್ಕಳಿಗೆ ಅದು ದೊಡ್ಡ ಉಪಕಾರ. ಆದರೆ ಟಿಕೆಟನ್ನು ಕೆಲವೇ ದಿನ ಮುಂಚೆ ಬಿಡುತ್ತಾರೆ. ಅಲ್ಲಿಯ ನಿವಾಸಿಗಳಿಗೆ ಅದು ನಮ್ಮ ಕೆಎಸ್‌ಆರ್‌ಟಿಸಿ ಬಸ್ ಇದ್ದ ಹಾಗೆ, ಸೀಟು ಮೊದಲು ಅವರಿಗೆ ಸಿಗುವುದೇ ನ್ಯಾಯ.

ಖಾಸಗಿ ದೋಣಿಗಳು ಹೆಚ್ಚಾಗಿ ಕ್ಯಾಟಮರಾನ್. ಎರಡು ಉದ್ದ ತಳಗಳ ಮೇಲೆ ಒಂದು ಹಾಲ್ ಕೂರಿಸಿದ ಹಾಗಿರುವ ವೇಗದ ದೋಣಿ. ಎಸಿ, ಮುಚ್ಚಿದ ಕಿಟಕಿ. ಹೆಚ್ಚಿನವುಗಳಲ್ಲಿ ಹೊರಗೆ ಹೋಗಲು ಬಿಡುವುದಿಲ್ಲ. ಮಕ್ರೂಝ್, ನಾಟಿಕಾ, ಗ್ರೀನ್ ಓಷನ್ ಹೀಗೆ ಕೆಲವು ಹೆಸರುಗಳಿವೆ. ಆನ್‌ಲೈನಲ್ಲಿ ವಾರಗಟ್ಟಲೆ ಮುಂಚೆಯೇ ಸೀಟು ಸಮೇತ ಬುಕ್ ಮಾಡಬಹುದು. ಮಕ್ಕಳಿದ್ದವರು ದುಡ್ಡು ಜಾಸ್ತಿಯಾದರೂ ಇದನ್ನೇ ಮಾಡಿ. ತಾರೀಖು ಖಚಿತ ಇರುವುದೇ ದೊಡ್ಡ ನೆಮ್ಮದಿ.

ಬುಕ್ ಮಾಡುವಾಗ ಜನ ತಪ್ಪುವುದು ಇಲ್ಲೇ:

ಕೈಮಗುವಿನ ಹೆಸರು ಬಿಟ್ಟುಬಿಡುತ್ತಾರೆ. ಸೀಟು ಬೇಡವಾದರೂ ಪ್ರಯಾಣಿಕರ ಪಟ್ಟಿಯಲ್ಲಿ ಹೆಸರು ಇರಲೇಬೇಕು.

ಬೆಳಗ್ಗೆ ವಿಮಾನ ಇಳಿದು ಅದೇ ಮಧ್ಯಾಹ್ನದ ದೋಣಿಗೆ ಟಿಕೆಟ್ ಮಾಡುತ್ತಾರೆ. ವಿಮಾನ ತಡವಾದರೆ ಎರಡೂ ಹೋಯಿತು. ತಡವಾಗದಿದ್ದರೂ ನಸುಕಿನ ನಾಲ್ಕಕ್ಕೆ ಎದ್ದ ಮಗು ಮಧ್ಯಾಹ್ನ ದೋಣಿಯಲ್ಲಿ ನಿಮ್ಮ ಕಥೆ ಮುಗಿಸುತ್ತದೆ.

ನೀಲ್‌ನಿಂದ ವಾಪಸ್ ಬರುವ ದೋಣಿಯನ್ನು ಸಂಜೆಗೆ ಇಡುತ್ತಾರೆ. ಆದಷ್ಟೂ ಬೆಳಗಿನ ದೋಣಿ ನೋಡಿ. ಒಂದು ರದ್ದಾದರೂ ಆ ದಿನದಲ್ಲಿ ಇನ್ನೊಂದಕ್ಕೆ ಅವಕಾಶ ಇರುತ್ತದೆ.

ದೋಣಿ ಟಿಕೆಟ್ ಕೈಗೆ ಬಂದ ಮೇಲೆಯೇ ಹೋಟೆಲಿಗೆ ಪೂರ್ತಿ ದುಡ್ಡು ಕಟ್ಟಿ. ಉಲ್ಟಾ ಮಾಡಿದರೆ ರೂಮು ಒಂದು ದ್ವೀಪದಲ್ಲಿ, ನೀವು ಇನ್ನೊಂದು ದ್ವೀಪದಲ್ಲಿ.

ಗುರುತಿನ ಚೀಟಿಯ ವಿಷಯ: ಭಾರತೀಯರಿಗೆ ಈ ದ್ವೀಪಗಳಿಗೆ ಪರ್ಮಿಟ್ ಬೇಡ. ದೊಡ್ಡವರಿಗೂ ಮಕ್ಕಳಿಗೂ ಆಧಾರ್ ಸಾಕು. ಅಮೆರಿಕದಿಂದಲೋ ಸಿಂಗಾಪುರದಿಂದಲೋ ರಜೆಗೆ ಬಂದ ಮಕ್ಕಳ ಕೈಯಲ್ಲಿ ವಿದೇಶಿ ಪಾಸ್‌ಪೋರ್ಟ್ ಇದ್ದರೆ ಮಾತ್ರ ಪಾಸ್‌ಪೋರ್ಟ್, ಒಸಿಐ ಕಾರ್ಡ್ ಎರಡರ ಮೂಲ ಪ್ರತಿಯನ್ನೂ ತನ್ನಿ. ಮೊಬೈಲಿನ ಫೋಟೋ ನಂಬಿಕೊಂಡು ಬರಬೇಡಿ.

5. ರೂಮು: ನೋಟಕ್ಕಿಂತ ನೆಲ ನೋಡಿ

ಹ್ಯಾವ್ಲಾಕ್‌ನಲ್ಲಿ ಊರುಗಳಿಗೆ ಹೆಸರಿಗಿಂತ ನಂಬರ್ ಹೆಚ್ಚು ಬಳಕೆ. ಜೆಟ್ಟಿ ಇರುವುದು ಒಂದನೇ ನಂಬರ್. ಅಂಗಡಿ, ಊಟದ ಜಾಗ ಮೂರನೇ ನಂಬರಿನಲ್ಲಿ ಜಾಸ್ತಿ. ಐದನೇ ನಂಬರ್ ವಿಜಯನಗರ. ಏಳನೆಯದು ರಾಧಾನಗರ, ಜೆಟ್ಟಿಯಿಂದ ಸುಮಾರು 12 ಕಿ.ಮೀ.

ಹೆಚ್ಚಿನ ರೆಸಾರ್ಟುಗಳು ಮೂರು, ಐದರ ಕಡೆ ಇವೆ. ಅಲ್ಲಿ ಸೂರ್ಯೋದಯ ಚೆಂದ. ಆದರೆ ಇಳಿತದ ಹೊತ್ತಿಗೆ ನೀರು ಬಹಳ ದೂರ ಸರಿದು ಕಲ್ಲು, ಹವಳದ ಚೂರು ಕಾಣಿಸಿಕೊಳ್ಳುತ್ತವೆ. ಫೋಟೋದಲ್ಲಿ ನೋಡಿದ ನೀಲಿ ನೀರೆಲ್ಲಿ ಅಂತ ಜನ ಹೋಟೆಲಿನವರ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ನೀರು ಎಲ್ಲೂ ಹೋಗಿಲ್ಲ, ಆರು ಗಂಟೆ ಬಿಟ್ಟು ನೋಡಿದರೆ ಅಲ್ಲೇ ಇರುತ್ತದೆ.

ಫೋನ್ ಮಾಡಿ ಇಷ್ಟು ಕೇಳಿ: ರೂಮಿನ ಬಾಗಿಲಿಂದ ನೀರಿಗೆ ಎಷ್ಟು ದೂರ, ನಡುವೆ ಬೇಲಿ ಇದೆಯಾ? ಈಜುಕೊಳದ ಆಳ ಎಷ್ಟು, ರೂಮಿನಿಂದ ಕಾಣುತ್ತದಾ? ಬಾಗಿಲಿಗೆ ಮೇಲಿನ ಚಿಲಕ ಇದೆಯಾ? ಕರೆಂಟ್ ಹೋದರೆ ಎಸಿ, ಫ್ಯಾನ್ ಜನರೇಟರ್ ಮೇಲೆ ನಡೆಯುತ್ತವಾ? ಕಿಟಕಿಗೆ ಸೊಳ್ಳೆ ಜಾಲರಿ ಇದೆಯಾ? ಸಮುದ್ರಕ್ಕೆ ಅಂಟಿಕೊಂಡ ಗುಡಿಸಲು ಜೋಡಿಗಳಿಗೆ ಚೆಂದ. ನಡೆಯಲು ಕಲಿತ ಮಗು ಇದ್ದರೆ ಹಿಂದಿನ ಸಾಲಿನ ರೂಮೇ ಒಳ್ಳೆಯದು, ಬೆಲೆಯೂ ಕಡಿಮೆ.

6. ಬ್ಯಾಗಿನಲ್ಲಿ ಏನಿರಬೇಕು

ಬಟ್ಟೆ ಕಡಿಮೆ ಮಾಡಿ, ಊಟ ಜಾಸ್ತಿ ಮಾಡಿ.

ಅನ್ನ, ಬೇಳೆ, ಮೊಟ್ಟೆ, ಮೀನು, ಎಳನೀರು ಎಲ್ಲ ಕಡೆ ಸಿಗುತ್ತದೆ. ಪೋರ್ಟ್ ಬ್ಲೇರ್‌ನಲ್ಲಿ ತಮಿಳರು, ತೆಲುಗರು ತುಂಬಾ ಇದ್ದಾರೆ, ಇಡ್ಲಿ ದೋಸೆಗೆ ಕೊರತೆ ಇಲ್ಲ. ಹ್ಯಾವ್ಲಾಕ್, ನೀಲ್‌ನಲ್ಲಿ ಬಂಗಾಳಿ ಕುಟುಂಬಗಳು ಹೆಚ್ಚು. ಮೀನಿನ ಊಟ ಭರ್ಜರಿ, ಸಾಸಿವೆ ಖಾರ ಮಾತ್ರ ಮಕ್ಕಳಿಗೆ ನೆತ್ತಿಗೇರುತ್ತದೆ. ತಾಜಾ ಹಾಲು, ಮೊಸರು ಸಣ್ಣ ದ್ವೀಪದಲ್ಲಿ ಯಾವಾಗಲೂ ಸಿಗುತ್ತದೆ ಅಂತ ನಂಬಬೇಡಿ. ಪೌಡರ್ ಹಾಲು ಅಥವಾ ಪ್ಯಾಕೆಟ್ ಹಾಲನ್ನು ಪೋರ್ಟ್ ಬ್ಲೇರ್‌ನ ಅಬರ್ಡೀನ್ ಬಜಾರಿನಲ್ಲೇ ಕೊಂಡುಕೊಳ್ಳಿ. ಡೈಪರ್ ಕೂಡ ಅಷ್ಟೇ.

ಮನೆಯಿಂದ ರಾಗಿ ಸರಿ ಪುಡಿ, ಹುರಿದ ರವೆ, ತೆಳು ಅವಲಕ್ಕಿ, ಒಂದು ಸಣ್ಣ ಕೆಟಲ್ ತನ್ನಿ. ರಾತ್ರಿ ಏಳಕ್ಕೆ ಹಸಿವಾಗಿ ಅಳುವ ಮಗುವಿಗೆ ರೆಸ್ಟೋರೆಂಟಿನ ಆರ್ಡರ್ ಬರುವುದು ಎಂಟಕ್ಕೆ. ರಾಗಿ ಸರಿ ಐದು ನಿಮಿಷಕ್ಕೆ ರೆಡಿ. ಇದೊಂದು ನಮ್ಮ ಪ್ರವಾಸವನ್ನು ಎಷ್ಟು ಸಲ ಕಾಪಾಡಿದೆಯೋ ಲೆಕ್ಕವಿಲ್ಲ.

ಔಷಧಿ ಚೀಲದಲ್ಲಿ ಜ್ವರದ ಸಿರಪ್ ಮತ್ತು ಅಳತೆ ಮುಚ್ಚಳ, ಥರ್ಮಾಮೀಟರ್, ಓಆರ್‌ಎಸ್, ಬ್ಯಾಂಡೇಜು, ಗಾಯದ ಮುಲಾಮು, ಮಗು ಈಗಾಗಲೇ ತೆಗೆದುಕೊಳ್ಳುತ್ತಿರುವ ಔಷಧಿ ಇರಲಿ. ಓಆರ್‌ಎಸ್ ದೊಡ್ಡ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು. ಅರ್ಧ ಲೋಟಕ್ಕೆ ಚಿಟಿಕೆ ಹಾಕುವ ಅಂದಾಜಿನ ಲೆಕ್ಕ ಬೇಡ. ಸಣ್ಣ ದ್ವೀಪಗಳಲ್ಲಿ ಸರ್ಕಾರಿ ಆರೋಗ್ಯ ಕೇಂದ್ರ ಇದೆ. ದೊಡ್ಡ ತೊಂದರೆ ಆದರೆ ಪೋರ್ಟ್ ಬ್ಲೇರ್‌ನ ಜಿ.ಬಿ. ಪಂತ್ ಆಸ್ಪತ್ರೆಗೇ ಬರಬೇಕು, ಅದೂ ದೋಣಿಯಲ್ಲಿ. ಅದಕ್ಕೇ, ಹೊರಡುವ ಹಿಂದಿನ ದಿನ ಮಗುವಿಗೆ ಜ್ವರ ಇದ್ದರೆ "ಅಲ್ಲಿ ಹೋದ ಮೇಲೆ ಸರಿಹೋಗುತ್ತೆ" ಅನ್ನಬೇಡಿ.

ಇನ್ನು ಉದ್ದ ತೋಳಿನ ಈಜು ಬಟ್ಟೆ, ಅಗಲ ಟೋಪಿ, ನೀರಲ್ಲಿ ಹಾಕಿಕೊಳ್ಳುವ ರಬ್ಬರ್ ತಳದ ಶೂ ಬೇಕೇ ಬೇಕು. ಹವಳದ ಚೂರು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಮಗುವಿನ ಅಳತೆಯ ಲೈಫ್ ಜಾಕೆಟ್ ಇಲ್ಲಿಂದಲೇ ತನ್ನಿ. ಬಾಡಿಗೆಯವು ಹೆಚ್ಚಾಗಿ ದೊಡ್ಡವರ ಅಳತೆ, ಮಗು ಕೆಳಗಿನಿಂದ ಜಾರಿಹೋಗುತ್ತದೆ. ತೋಳಿಗೆ ಕಟ್ಟುವ ಗಾಳಿ ಬಲೂನು ಆಟಿಕೆ, ರಕ್ಷಣೆಯಲ್ಲ.

ನಗದು ಇಟ್ಟುಕೊಳ್ಳಿ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ಇಂಟರ್‌ನೆಟ್ ಸುಧಾರಿಸಿದೆ, ಆದರೂ ನೀಲ್‌ನ ಮೂಲೆಯ ಎಳನೀರು ಅಂಗಡಿಯಲ್ಲಿ ಫೋನ್‌ಪೇ ತಿರುಗುತ್ತಲೇ ಇರುತ್ತದೆ. ದೋಣಿ, ಹೋಟೆಲ್ ಟಿಕೆಟುಗಳನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ.

7. ದೋಣಿ ಹತ್ತುವ ದಿನ

ಸಮುದ್ರದ ವಾಂತಿ ಎರಡು ವರ್ಷದೊಳಗಿನ ಮಕ್ಕಳಿಗೆ ಅಪರೂಪ. ಶಾಲೆಗೆ ಹೋಗುವ ವಯಸ್ಸಿನವರಿಗೇ ಜಾಸ್ತಿ. ಒಳಕಿವಿ "ಅಲುಗಾಡುತ್ತಿದ್ದೇವೆ" ಅನ್ನುತ್ತದೆ, ಕಣ್ಣು "ಇಲ್ಲ, ಇದು ಸುಮ್ಮನೆ ಒಂದು ಎಸಿ ಹಾಲು" ಅನ್ನುತ್ತದೆ. ಈ ಜಗಳದಿಂದಲೇ ಹೊಟ್ಟೆ ತೊಳಸುವುದು. ಹಾಗಾಗಿ ಕಣ್ಣಿಗೆ ಅಲೆ ಕಾಣಬೇಕು. ಕಿಟಕಿ ಪಕ್ಕ ಕೂರಿಸಿ, ಸಮುದ್ರ ಆಕಾಶ ಸೇರುವ ದೂರದ ಗೆರೆ ನೋಡಿಸಿ. ಅಳು ನಿಲ್ಲಿಸಲು ಮೊಬೈಲಿನಲ್ಲಿ ಕಾರ್ಟೂನ್ ಹಾಕಿಕೊಟ್ಟಿರೋ, ಹತ್ತೇ ನಿಮಿಷದಲ್ಲಿ ವಾಂತಿ.

ಸೀಟು ಕೆಳಗಿನ ಅಂತಸ್ತಿನಲ್ಲಿ, ಮಧ್ಯದಲ್ಲಿ ಅಥವಾ ಸ್ವಲ್ಪ ಹಿಂದೆ ಇರಲಿ. ಮೂತಿಯ ಕಡೆ ಎತ್ತಿ ಹಾಕುವುದು ಜಾಸ್ತಿ. ಮುಂದಿನ ಸಾಲಿನ ಪ್ರೀಮಿಯಂ ಸೀಟಿಗೆ ದುಡ್ಡು ಕೊಟ್ಟು ವಾಂತಿ ಕೊಂಡುಕೊಳ್ಳಬೇಡಿ.

ತಿಂಡಿ ಒಂದೂವರೆ ಗಂಟೆ ಮುಂಚೆ ಮುಗಿಯಲಿ. ಇಡ್ಲಿ, ಬಾಳೆಹಣ್ಣು, ಒಣ ಬ್ರೆಡ್ಡು ಸಾಕು. ಖಾಲಿ ಹೊಟ್ಟೆಯೂ ಬೇಡ. ಒಮ್ಮೆ ಜೆಟ್ಟಿ ಪಕ್ಕದ ಹೋಟೆಲಿನಲ್ಲಿ ಮಗಳು ಹಟ ಮಾಡಿದಳು ಅಂತ ಪೂರಿ ಸಾಗು, ಮೇಲೆ ಒಂದು ಲೋಟ ಹಾಲು ಕೊಡಿಸಿದೆವು. ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ಪಕ್ಕದ ಸೀಟಿನ ಮಲಯಾಳಿ ಅಜ್ಜಿ ತಮ್ಮ ಟವೆಲ್ಲನ್ನೇ ಕೊಟ್ಟರು. ಆಮೇಲಿನಿಂದ ಕೈಚೀಲದಲ್ಲಿ ಎರಡು ಜೊತೆ ಬಟ್ಟೆ, ನಾಲ್ಕು ಗಟ್ಟಿ ಕವರು, ಒದ್ದೆ ಟಿಶ್ಯೂ ಇಲ್ಲದೆ ದೋಣಿ ಹತ್ತಿಲ್ಲ. ಎರಡು ಜೊತೆಯಲ್ಲಿ ಒಂದು ಮಗುವಿಗೆ, ಇನ್ನೊಂದು ಮಗುವನ್ನು ಎತ್ತಿಕೊಂಡವರಿಗೆ.

ಮಾತ್ರೆಯ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಮನೆಗಳಲ್ಲಿ ಘಾಟಿ ದಾರಿಗೆ ಅಂತ ಇಟ್ಟುಕೊಳ್ಳುವ ಅವೊಮಿನ್‌ನಲ್ಲಿ ಇರುವುದು ಪ್ರೊಮೆಥಜಿನ್. ಅದನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು, ಉಸಿರಾಟಕ್ಕೆ ತೊಂದರೆಯಾಗಬಹುದು. ದೊಡ್ಡ ಮಕ್ಕಳಿಗೂ ನಿಮ್ಮ ಮಾತ್ರೆಯನ್ನು ಅರ್ಧ ಮುರಿದು ಕೊಡಬೇಡಿ. ಊರು ಬಿಡುವ ಮೊದಲು ಮಕ್ಕಳ ಡಾಕ್ಟರ ಹತ್ತಿರ ಹೋಗಿ ಯಾವ ಔಷಧಿ, ಎಷ್ಟು, ಎಷ್ಟು ಹೊತ್ತು ಮುಂಚೆ ಅಂತ ಬರೆಸಿಕೊಳ್ಳಿ. ವಾಂತಿ ಶುರುವಾದ ಮೇಲೆ ಕೊಟ್ಟರೆ ಮಾತ್ರೆಯೂ ಹೊರಗೇ ಬರುತ್ತದೆ.

8. ಗಡಿಯಾರ ಬಿಡಿ, ಸೂರ್ಯನ ಜೊತೆ ಹೋಗಿ

ಅಂಡಮಾನ್ ನಮಗಿಂತ ಬಹಳ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಅದರಿಂದ ಡಿಸೆಂಬರಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಬೆಂಗಳೂರಿಗಿಂತ ಹೆಚ್ಚುಕಡಿಮೆ ಒಂದು ಗಂಟೆ ಮುಂಚೆ. ದೊಡ್ಡವರು ಇದಕ್ಕೆ ಗೊಣಗುತ್ತಾರೆ. ಪುಟ್ಟ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಟೈಮ್‌ಟೇಬಲ್ ಇಲ್ಲ.

ಬೆಳಗ್ಗೆ ಐದೂವರೆಗೆ ಬೆಳಕಾಗಿ ಮಗು ತಾನೇ ಏಳುತ್ತದೆ. ಆರೂವರೆಯಿಂದ ಒಂಬತ್ತೂವರೆವರೆಗೆ ಬೀಚು. ಹತ್ತಕ್ಕೆ ರೂಮಿಗೆ ವಾಪಸ್, ಸಿಹಿನೀರಿನ ಸ್ನಾನ, ಊಟ, ನಿದ್ದೆ. ಹತ್ತರಿಂದ ಮೂರರವರೆಗಿನ ಬಿಸಿಲಿಗೆ ಮಕ್ಕಳನ್ನು ಬಿಡಲೇಬೇಡಿ. ಮೂರು ಗಂಟೆಗೆ ಮತ್ತೆ ಬೀಚು, ಐದಕ್ಕೆ ಸೂರ್ಯಾಸ್ತ, ಏಳೂವರೆಗೆ ಮಗು ಗೊರಕೆ. ಆಮೇಲೆ ವರಾಂಡದಲ್ಲಿ ನಿಮ್ಮಿಬ್ಬರಿಗೆ ಎರಡು ಗಂಟೆ ಸಿಗುತ್ತದೆ.

ಉಬ್ಬರ, ಇಳಿತದ ಹೊತ್ತನ್ನು ಹೋಟೆಲಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಅಜ್ಜಿಯ ಪಂಚಾಂಗ ಇಲ್ಲಿ ಕೆಲಸಕ್ಕೆ ಬರುತ್ತದೆ. ಮಕ್ಕಳ ಸ್ನಾನಕ್ಕೆ ನೀರು ತುಂಬಿರುವ ಹೊತ್ತು ಒಳ್ಳೆಯದು. ಏಡಿ, ಪುಟ್ಟ ಮೀನು ನೋಡಲು ಇಳಿತ ಒಳ್ಳೆಯದು.

ಮೂರು ಅಪಾಯ ನೆನಪಿರಲಿ.

ಮೊಸಳೆ. ಇದು ಹೆದರಿಸುವ ಕಥೆಯಲ್ಲ. ಅಂಡಮಾನಿನ ಉಪ್ಪುನೀರಿನ ಮೊಸಳೆ ಸಮುದ್ರದಲ್ಲೂ ಈಜುತ್ತದೆ. 2010ರಲ್ಲಿ ಹ್ಯಾವ್ಲಾಕ್‌ನಲ್ಲೇ ಒಬ್ಬ ಪ್ರವಾಸಿ ಅದರ ಬಾಯಿಗೆ ಸಿಕ್ಕಿ ಸತ್ತರು. ಹಳ್ಳ ಸಮುದ್ರ ಸೇರುವ ಕಡೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹತ್ತಿರ ನೀರಿಗಿಳಿಯಬೇಡಿ. ಜೀವರಕ್ಷಕರು ಇರುವ, ಹಗ್ಗ ಕಟ್ಟಿದ ಜಾಗದಲ್ಲಿ ಮಾತ್ರ ಇಳಿಯಿರಿ. ಎಚ್ಚರಿಕೆ ಬೋರ್ಡಿನ ಮುಂದೆ ಸೆಲ್ಫಿ ತೆಗೆದು ಅದೇ ನೀರಿಗೆ ಇಳಿಯುವವರನ್ನು ನೋಡಿದ್ದೇನೆ.

ಮರಳು ನೊಣ. ಕಣ್ಣಿಗೆ ಕಾಣದಷ್ಟು ಸಣ್ಣದು. ಕಚ್ಚಿದ್ದು ಮಾರನೇ ದಿನ ಗೊತ್ತಾಗುತ್ತದೆ, ವಾರಗಟ್ಟಲೆ ತುರಿಕೆ. ಬೆಳಗ್ಗೆ, ಸಂಜೆ ಒದ್ದೆ ಮರಳಲ್ಲಿ ಜಾಸ್ತಿ. ಕಾಲಿಗೆ ದಪ್ಪಗೆ ಕೊಬ್ಬರಿ ಎಣ್ಣೆ ಹಚ್ಚಿ, ಮಗುವನ್ನು ಬರಿ ಮರಳ ಮೇಲೆ ಕೂರಿಸದೆ ದಪ್ಪ ಚಾಪೆ ಹಾಸಿ.

ಮೂರನೆಯದು ನಾವೇ, ಅಂದರೆ ಮೊಬೈಲು ಹಿಡಿದ ಅಪ್ಪ ಅಮ್ಮ. "ನಾನು ನೋಡ್ತಾ ಇದ್ದೀನಿ" ಅಂತ ಇಬ್ಬರೂ ಅಂದುಕೊಂಡಾಗ ಯಾರೂ ನೋಡುತ್ತಿರುವುದಿಲ್ಲ. ಅರ್ಧ ಗಂಟೆ ನೀನು, ಅರ್ಧ ಗಂಟೆ ನಾನು ಅಂತ ಬಾಯಿಬಿಟ್ಟು ಹೇಳಿಕೊಳ್ಳಿ. ಪಾಳಿಯಲ್ಲಿ ಇರುವವರ ಕೈಯಲ್ಲಿ ಫೋನ್ ಇರಬಾರದು. ಮಗು ಕೈಚಾಚಿದರೆ ಸಿಗುವಷ್ಟು ಹತ್ತಿರ ಇರಬೇಕು.

9. ಯಾವುದಕ್ಕೆ ಹೋಗಬೇಕು, ಯಾವುದನ್ನು ಬಿಡಬೇಕು

ರಾಸ್ ದ್ವೀಪ: ಖಂಡಿತ ಹೋಗಿ. ಪೋರ್ಟ್ ಬ್ಲೇರ್‌ನಿಂದ ದೋಣಿಯಲ್ಲಿ ಕಾಲು ಗಂಟೆ. ದೊಡ್ಡ ದೋಣಿಗೆ ಮುಂಚೆ ಇದು ಇನ್ನೊಂದು ರಿಹರ್ಸಲ್. ಬ್ರಿಟಿಷರ ಕಾಲದ ಚರ್ಚು, ಮನೆಗಳ ಗೋಡೆಗಳನ್ನು ಮರದ ಬೇರುಗಳು ಹಾವಿನ ಹಾಗೆ ಸುತ್ತಿಕೊಂಡಿವೆ. ಜಿಂಕೆಗಳು ಹತ್ತಿರ ಬಂದು ನಿಲ್ಲುತ್ತವೆ, ನವಿಲುಗಳಿವೆ. ನಡೆಯಲಾರದ ಅಜ್ಜ ಅಜ್ಜಿಗೆ ಬ್ಯಾಟರಿ ಗಾಡಿ ಇದೆ. ವಾರಕ್ಕೆ ಒಂದು ದಿನ ರಜೆ, ಹಿಂದಿನ ದಿನವೇ ಕೇಳಿಕೊಳ್ಳಿ.

ಸೆಲ್ಯುಲರ್ ಜೈಲು: ಹಗಲಲ್ಲಿ ಒಂದು ಗಂಟೆ ಸಾಕು. ನಮ್ಮವರು ಕರಿನೀರಿನ ಶಿಕ್ಷೆ ಅನ್ನುತ್ತಿದ್ದದ್ದು ಇದನ್ನೇ. 1906ರಲ್ಲಿ ಕಟ್ಟಿ ಮುಗಿದಾಗ ಏಳು ಸಾಲು ಕಟ್ಟಡ, ಈಗ ಉಳಿದಿರುವುದು ಮೂರು. ರಾತ್ರಿಯ ಧ್ವನಿ ಬೆಳಕಿನ ಪ್ರದರ್ಶನ ದೊಡ್ಡವರಿಗೆ ಚೆನ್ನಾಗಿದೆ. ಆರು ವರ್ಷದೊಳಗಿನವರು ಒಂದೋ ನಿದ್ದೆ ಮಾಡುತ್ತಾರೆ, ಇಲ್ಲಾ ಚಾಟಿಯ ಸದ್ದಿಗೆ ಅಳುತ್ತಾರೆ. ಒಬ್ಬರು ಹೋಗಿ, ಒಬ್ಬರು ರೂಮಿನಲ್ಲಿರಿ.

ರಾಧಾನಗರ ಬೀಚು: ಹ್ಯಾವ್ಲಾಕ್‌ಗೆ ಹೋಗುವುದೇ ಇದಕ್ಕೆ. ಬ್ಲೂ ಫ್ಲಾಗ್ ಪಡೆದ ಬೀಚು ಇದು. ನೀರು, ಶೌಚಾಲಯ, ರಕ್ಷಣೆ ಎಲ್ಲ ಚೆನ್ನಾಗಿದ್ದರೆ ಕೊಡುವ ಅಂತಾರಾಷ್ಟ್ರೀಯ ಗುರುತು. ಮಕ್ಕಳಿದ್ದವರಿಗೆ ಆ ಶೌಚಾಲಯದ ಬೆಲೆ ಗೊತ್ತು. ಕಲ್ಲಿಲ್ಲದ ಮರಳು. ಎರಡು ಮೂರು ಸಂಜೆ ಇಲ್ಲೇ ಕಳೆಯಿರಿ, ಬೇಜಾರಾಗುವುದಿಲ್ಲ.

ಎಲಿಫೆಂಟ್ ಬೀಚು: ಹ್ಯಾವ್ಲಾಕ್ ಜೆಟ್ಟಿಯಿಂದ ಸಣ್ಣ ದೋಣಿಯಲ್ಲಿ ಹೋಗಬೇಕು. ಸ್ನಾರ್ಕೆಲಿಂಗ್, ಅಂದರೆ ಮುಖಕ್ಕೆ ಗಾಜಿನ ಮುಖವಾಡ, ಬಾಯಿಗೆ ಕೊಳವೆ ಹಾಕಿಕೊಂಡು ನೀರಿನ ಮೇಲೆ ತೇಲುತ್ತಾ ಹವಳ ನೋಡುವುದು, ಇಲ್ಲಿನ ಆಕರ್ಷಣೆ. ಏಳೆಂಟು ವರ್ಷದವರಿಗೆ ಖುಷಿ. ಮೂರು ವರ್ಷದವರಿಗೆ ಬರೀ ಗದ್ದಲ. ಸ್ಕೂಬಾ ಡೈವಿಂಗ್‌ಗೆ ಸಾಮಾನ್ಯವಾಗಿ ಹತ್ತು ವರ್ಷ ತುಂಬಿರಬೇಕು. "ಪರವಾಗಿಲ್ಲ ಸರ್, ನಾವು ನೋಡ್ಕೋತೀವಿ" ಅನ್ನುವವರಿಂದ ದೂರ ಇರಿ.

ನೀಲ್‌ನ ಭರತ್‌ಪುರ ಬೀಚು: ನೀರು ಆಳವಿಲ್ಲ, ತಳದಲ್ಲಿ ಗಾಜಿರುವ ದೋಣಿಯಲ್ಲಿ ಕೂತೇ ಹವಳ ನೋಡಬಹುದು. ಪುಟ್ಟ ಮಕ್ಕಳಿಗೆ ಇದೇ ಸ್ನಾರ್ಕೆಲಿಂಗ್. ಲಕ್ಷ್ಮಣಪುರದ ಕಡೆಯ ಕಲ್ಲಿನ ಸೇತುವೆಗೆ ಇಳಿತದಲ್ಲಿ ಮಾತ್ರ ಹೋಗಬೇಕು, ಪಾಚಿ ಕಟ್ಟಿದ ಬಂಡೆ ಮೇಲೆ ನಡಿಗೆ. ಎತ್ತಿಕೊಂಡು ಹೋಗುವ ಮಗು ಇದ್ದರೆ ಬಿಡಿ.

ಬಾರಾಟಾಂಗ್‌ನ ಸುಣ್ಣದ ಕಲ್ಲಿನ ಗುಹೆ: ಬಿಡಿ. ಬೆಳಗಿನ ಜಾವ ಮೂರಕ್ಕೆ ಏಳಬೇಕು. ಜಾರವಾ ಬುಡಕಟ್ಟಿನವರ ಕಾಡಿನ ನಡುವೆ ಪೊಲೀಸರ ಬೆಂಗಾವಲಿನ ವಾಹನ ಸಾಲಿನಲ್ಲಿ ಹೋಗಬೇಕು. ನಡುವೆ ನಿಲ್ಲಿಸುವಂತಿಲ್ಲ, ಮಗುವಿಗೆ ಒಂದಕ್ಕೆ ಬಂದರೂ. ಜೊತೆಗೆ, ಅವರ ನೆಲದಲ್ಲಿ ನಾವು ಕಿಟಕಿಗೆ ಮೂಗು ಒತ್ತಿ ಹೋಗುವುದು ನನಗಂತೂ ಸರಿ ಕಾಣುವುದಿಲ್ಲ.

ಹಣ ಖರ್ಚಿಲ್ಲದ ಒಂದು ಆಟ ಹೇಳುತ್ತೇನೆ. ಹಳೆಯ ಕೆಂಪು 20 ರೂಪಾಯಿ ನೋಟು ಇದ್ದರೆ ಜೇಬಲ್ಲಿಟ್ಟುಕೊಂಡು ಹೋಗಿ. ಹಿಂದಿನ ಚಿತ್ರದಲ್ಲಿ ತೆಂಗಿನ ಮರ, ಸಮುದ್ರ, ದೀಪಸ್ತಂಭ ಇದೆ. ಅದು ಪೋರ್ಟ್ ಬ್ಲೇರ್‌ನಿಂದ ಕಾಣುವ ನಾರ್ತ್ ಬೇ. ನೋಟು ಎತ್ತಿ ಹಿಡಿದು ದೀಪಸ್ತಂಭ ಹುಡುಕಲು ಹೇಳಿದರೆ ಮಕ್ಕಳು ಅರ್ಧ ಗಂಟೆ ನಿಮ್ಮ ತಂಟೆಗೆ ಬರುವುದಿಲ್ಲ.

10. ಹೊರಡುವ ಮೊದಲು ಜೇಬು ನೋಡಿ

ಮಕ್ಕಳ ಜೇಬು. ಚಿಪ್ಪು, ಹವಳದ ತುಂಡು ದ್ವೀಪದಿಂದ ತೆಗೆದುಕೊಂಡು ಹೋಗುವಂತಿಲ್ಲ. ಹವಳಕ್ಕೂ ಹಲವು ಬಗೆಯ ಚಿಪ್ಪುಗಳಿಗೂ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ವಿಮಾನ ನಿಲ್ದಾಣದಲ್ಲಿ ಸ್ಕ್ಯಾನ್ ಮಾಡಿ ಬ್ಯಾಗು ಬಿಚ್ಚಿಸುತ್ತಾರೆ. ಸಾಲು ಹಿಂದೆ ಬೆಳೆಯುತ್ತಿರುತ್ತದೆ, ಮಗು "ಅದು ನಂದು" ಅಂತ ಅಳುತ್ತಿರುತ್ತದೆ. ಅಂಗಡಿಯಲ್ಲಿ ಚಿಪ್ಪಿನ ವಸ್ತು ಕೊಂಡಿದ್ದರೆ ಬಿಲ್ ಜೋಪಾನ ಮಾಡಿ.

ಮೊದಲ ದಿನವೇ ನಿಯಮ ಹೇಳಿಬಿಡಿ: ಹೆಕ್ಕಬಹುದು, ನೋಡಬಹುದು, ಫೋಟೋ ತೆಗೆಯಬಹುದು, ಆಮೇಲೆ ಅಲ್ಲೇ ಇಡಬೇಕು. ನಮ್ಮ ಮಗಳು ಒಪ್ಪಿರಲಿಲ್ಲ. ನೀಲ್‌ನಲ್ಲಿ ಒಂದು ಕಂದು ಚಿಪ್ಪನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ರೂಮಿನವರೆಗೂ ನಡೆದಳು. ಮೆಟ್ಟಿಲ ಹತ್ತಿರ ಅಂಗೈ ಬಿಚ್ಚಿ ನೋಡಿದಾಗ ಚಿಪ್ಪಿನೊಳಗಿಂದ ಸಣ್ಣ ಕೆಂಪು ಕಾಲುಗಳು ಒಂದೊಂದಾಗಿ ಹೊರಬಂದವು. ಸನ್ಯಾಸಿ ಏಡಿ. ಅವಳು ಕಿರುಚಲಿಲ್ಲ. "ಇದರ ಮನೆ ಇದು" ಅಂದಳು. ಕತ್ತಲಾಗಿತ್ತು, ಟಾರ್ಚ್ ಹಿಡಿದು ಮೂವರೂ ವಾಪಸ್ ಬೀಚಿಗೆ ಹೋಗಿ ಬಿಟ್ಟು ಬಂದೆವು.